ಬರಿದಾಗಿ ಹಿಂದಿರುಗದ ಬೋಗುಣಿ

ನಾನು ಎರಡನೆಯ ಇಯತ್ತೆಗೇ ಶಾಲೆ ಬಿಟ್ಟವಳು. ಇವತ್ತಿಗೂ ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಮೊದಲಿನ ಅಕ್ಷರ ಮರೆತಿರುತ್ತದೆ. ಮೂರನೆಯ ಇಯತ್ತೆಯ ಮೊಮ್ಮಗಳು ಶಾಲೆಯಿಂದ ಕಥೆ ಪುಸ್ತಕ ತಂದು ನೀರು ಕುಡಿದ ಹಾಗೆ ಓದಿದಾಗ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೆಳಗಾವಿಯ ನಮ್ಮ ಓಣಿಯವರನ್ನೆಲ್ಲ ಕರೆದು ಕೂಡಿಸಿದೆ. ಆದರೆ ಕೇಳುತ್ತ ಕೇಳುತ್ತ ಮೈ ಉರಿಯತೊಡಗಿತು.

ಕಥೆ ಇಷ್ಟೇ. ಹರಕು ಲಂಗದ ಹುಡುಗಿಯೊಬ್ಬಳು ಹಸಿದು ಬಂದು ದೊಡ್ಡ ಮನೆಯ ಬಾಗಿಲಲ್ಲಿ ಕೈ ಒಡ್ಡುತ್ತಾಳೆ. ಆ ಮನೆಯ ಹುಡುಗ ತನ್ನ ತಾಟನ್ನೇ ಕೊಡುತ್ತಾನೆ. ಅವಳು ಉಂಡು, ತಾಟು ತಿರುಗಿ ಕೊಟ್ಟು, ಅವನ ಕಾಲು ಮುಟ್ಟುತ್ತಾಳೆ. ಎಲ್ಲರೂ ಅವನನ್ನು ಹೊಗಳುತ್ತಾರೆ. ಇಡೀ ಪುಸ್ತಕದಲ್ಲಿ ಆ ಹುಡುಗಿಗೆ ಒಂದು ಮಾತಿಲ್ಲ. ಅವ್ವ ಇಲ್ಲ, ಅಪ್ಪ ಇಲ್ಲ, ಬಾಜೂ ಮನೆಯವರೂ ಇಲ್ಲ. ಹಸಿದವರಿಗೆ ಬಾಯಿ ಇರುವುದು ಉಣ್ಣಲಿಕ್ಕೆ ಮಾತ್ರವೇ?

ಮೊಮ್ಮಗಳು ಕುಣಿಯುತ್ತಿದ್ದಳು. "ಆಯಿ, ಸಾಲಿ ಗ್ಯಾದರಿಂಗ್‌ನ್ಯಾಗ ಇದ ನಾಟಕ! ಆ ಹುಡುಗಿ ನಾನ! ನಿನ್ನ ಲಂಗಾನ ಸಾಕು, ಬ್ಯಾರೆ ವೇಷ ಬ್ಯಾಡ ಅಂದ್ರು ನಮಗ ಕಲಸೋ ಅಕ್ಕೋರು."

ಆ ಲಂಗವನ್ನು ನನ್ನ ಮಗಳು ತನ್ನ ಸೀರೆ ಹರಿದು ಹೊಲಿದಿದ್ದಳು.

ಹಸಿವು ನನಗೆ ಪುಸ್ತಕದಿಂದ ಗೊತ್ತಾದದ್ದಲ್ಲ. ಎಪ್ಪತ್ತರ ದಶಕದ ಮೊದಲಲ್ಲಿ ನಾವು ಖಾನಾಪುರದಲ್ಲಿದ್ದೆವು. ಗಂಡ ತೀರಿಕೊಂಡ ಮೇಲೆ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊರುತ್ತಿದ್ದೆ. ಮಳೆಗಾಲದಲ್ಲಿ ಹಂಚು ಒಣಗುವುದಿಲ್ಲ, ಕೆಲಸವೂ ಇಲ್ಲ. ಇದ್ದಷ್ಟನ್ನು ಮಕ್ಕಳಿಗೆ ಬಡಿಸಿ, "ಇವತ್ತ ನಂದು ಸೋಮವಾರ ಐತಿ" ಎಂದು ಉಪವಾಸದ ನೆಪ ಹೇಳಿ ನೀರು ಕುಡಿಯುತ್ತಿದ್ದೆ. ಬಾಜೂ ಮನೆಯ ಮುಸಲ್ಮಾನರ ಹೆಣ್ಣುಮಗಳನ್ನು ನಾನು ಆಪಾ ಅನ್ನುತ್ತಿದ್ದೆ. ಅವಳ ಕಣ್ಣು ಬಲು ಚುರುಕು.

"ಅಕ್ಕಾ, ನಿನ್ನೀನೂ ಸೋಮವಾರ, ಇವತ್ತೂ ಸೋಮವಾರ. ನಿಮ್ಮ ದೇವರಿಗೆ ಬ್ಯಾರೆ ವಾರಾನ ಗೊತ್ತಿಲ್ಲೇನ?"

"ನಮ್ಮ ದೇವರ ಉಸಾಬರಿ ನಿನಗ್ಯಾಕ ಆಪಾ?"

"ನನಗ್ಯಾಕ ಬೇಕವ್ವಾ. ನಿನ್ನ ಬೋಗುಣಿ ಕೊಡು. ನಮ್ಮದು ತೂತು ಬಿದ್ದೈತಿ."

ಸಂಜೆ ಬೋಗುಣಿ ತಿರುಗಿ ಬರುವಾಗ ಅದರಲ್ಲಿ ಅಕ್ಕಿ ಇರುತ್ತಿತ್ತು. ಬೇಯಿಸಿದ್ದನ್ನು ಎಂದೂ ಹಾಕಲಿಲ್ಲ. ನಾನು ಲಿಂಗ ಕಟ್ಟಿಕೊಂಡವಳು, ಸಂಕೋಚ ಪಟ್ಟೇನು ಎಂದು ಅವಳೇ ತಿಳಿದುಕೊಂಡಿದ್ದಳು. ಇದೇನು ಎಂದು ನಾನು ಕೇಳಿದರೆ, "ಬರೀ ಬೋಗುಣಿ ತಿರುಗಿ ಕೊಡತಾರೇನ? ನಿಮ್ಮಲ್ಲೂ ಇಲ್ಲ, ನಮ್ಮಲ್ಲೂ ಇಲ್ಲ" ಎಂದು ನನ್ನನ್ನೇ ಗದರುತ್ತಿದ್ದಳು. ಅವಳ ಬೋಗುಣಿಗೆ ತೂತು ಇರಲೇ ಇಲ್ಲ. ಕೊಡುವವಳೇ ಬೇಡುವವಳಾಗಿ ನನ್ನ ಬಾಗಿಲಿಗೆ ಬರುತ್ತಿದ್ದಳು. ಕಾರ್ಖಾನೆ ಶುರುವಾದ ಮೇಲೆ ಅವಳ ಪಾತ್ರೆ ನಾನು ಇಸಕೊಂಡು ಬಂದು ಶೇಂಗಾ ತುಂಬಿ ಕೊಡುತ್ತಿದ್ದೆ. ಬೆಳಗಾವಿಗೆ ಬಂದ ಮೇಲೂ ನಮ್ಮ ಮನೆಯಲ್ಲಿ ಆ ರೂಢಿ ಬಿಟ್ಟಿಲ್ಲ. ಇದನ್ನು ಯಾರೂ ಪುಸ್ತಕದಲ್ಲಿ ಬರೆಯಲಿಲ್ಲ!

ಮರುದಿನವೇ ಶಾಲೆಗೆ ಹೋದೆ.

"ಅಕ್ಕೋರ, ನಮ್ಮ ಹುಡುಗಿ ಕೈ ಒಡ್ಡಂಗಿಲ್ರಿ."

"ಕುಂದರ್ರಿ ಆಯಿ. ಪುಸ್ತಕದಾಗ ಹಂಗ ಐತ್ರಿ. ನಾಟಕ ಅಷ್ಟ ಅಲ್ಲೇನ್ರಿ?"

"ಹಂಗಾರ ಆ ಹುಡುಗಾನ ಕೈ ಒಡ್ಡಲಿ."

"ಅಂವ ಯಾಕ ಒಡ್ಡತಾನ್ರಿ!" ಎಂದು ಅವರು ನಕ್ಕುಬಿಟ್ಟರು. ಆ ನಗು ನನಗೆ ಇನ್ನೂ ಚುಚ್ಚುತ್ತದೆ.

ಅವಳನ್ನು ನಾಟಕಕ್ಕೆ ಕಳಿಸಬಾರದೆಂದೇ ನಿರ್ಧರಿಸಿದ್ದೆ. ಆದರೆ ಮೊಮ್ಮಗಳು ಅತ್ತು ಕರೆದು ಮುಖ ಊದಿಸಿಕೊಂಡಳು. ಅವಳಿಗೆ ಸ್ಟೇಜು ಬೇಕಾಗಿತ್ತು, ನನಗೆ ಅವಳ ಮಾನ. ಕೊನೆಗೆ ನಾನೇ ಸೋತೆ. ತಡವಾದರೆ ಹಸಿದಾಳೆಂದು ಲಂಗದ ಕಿಸೆಯಲ್ಲಿ ಹುರಿದ ಶೇಂಗಾ ತುಂಬಿ ಕಳಿಸಿದೆ.

ಗ್ಯಾದರಿಂಗ್‌ನಲ್ಲಿ ಹಲ್ಲು ಕಚ್ಚಿಕೊಂಡು ಕುಳಿತೆ. ಅವಳು ಕೈ ಒಡ್ಡಿದಳು, ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಹುಡುಗ ತಾಟು ಕೊಟ್ಟ. ತಾಟಿನಲ್ಲಿ ಖರೇ ಅವಲಕ್ಕಿ ಇತ್ತು, ಅವಳು ಖರೇನೇ ತಿಂದಳು. ತಿರುಗಿ ಕೊಡಲು ತಾಟು ಎತ್ತಿದವಳು ಅದನ್ನು ನೋಡಿ ತಡೆದು ನಿಂತಳು. ಕಿಸೆಗೆ ಕೈ ಹಾಕಿ ಶೇಂಗಾ ಎಲ್ಲ ತಾಟಿಗೆ ಸುರಿದಳು.

"ತಗೋ. ಬರೀ ತಾಟ ಕೊಡಬಾರದು."

ಹುಡುಗ ತನ್ನ ಮಾತು ಮರೆತು ಒಂದು ಬಾಯಿಗೆ ಹಾಕಿಕೊಂಡ. "ಚೊಲೋ ಹುರದಾರ" ಅಂದ. ಜನ ಬಿದ್ದು ಬಿದ್ದು ನಕ್ಕರು. ಪರದೆಯ ಹಿಂದಿನಿಂದ ಅಕ್ಕೋರು, "ಕಾಲು ಮುಟ್ಟ! ಕಾಲು ಮುಟ್ಟ!" ಎನ್ನುತ್ತಿದ್ದರು.

"ಯಾಕ್ರೀ ಅಕ್ಕೋರ? ತಾಟು ತುಂಬಿ ಕೊಟ್ಟೇನಲ್ರೀ!"

ನಾನು ಎದ್ದು ನಿಂತು ಕೈ ಕೆಂಪಾಗುವ ಹಾಗೆ ಚಪ್ಪಾಳೆ ಹೊಡೆದೆ. ನಾನು ಹೇಳಿಕೊಟ್ಟಿದ್ದಲ್ಲ, ಮನೆಯಲ್ಲಿ ಕಂಡದ್ದನ್ನು ಮಾಡಿದ್ದಳು ಅಷ್ಟೇ.

ಬಹುಮಾನ ಹುಡುಗನಿಗೇ ಹೋಯಿತು: ಅಂಥದ್ದೇ ಇನ್ನೊಂದು ಪುಸ್ತಕ. ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ. ಆದರೆ ಆ ಸಂಜೆ ಅವಳ ಕೈ ಹಿಡಿದು ಮನೆಗೆ ಬರುವಾಗ ದಾರಿಯಲ್ಲಿ ಸಿಕ್ಕವರಿಗೆಲ್ಲ, ಕೇಳದಿದ್ದವರಿಗೂ, ಹೇಳುತ್ತ ಬಂದೆ: "ನಮ್ಮ ಹುಡುಗಿ ಬರೀ ತಾಟು ಕೊಡಲಿಲ್ರೀ!"