ನಾನೂರು ವರ್ಷದ ಬಳ್ಳಿಗೆ ಕತ್ತರಿ

ನಮ್ಮ ಬೆಟ್ಟಸಾಲಿನ ಭೂಗೋಳ ಸರಳ: ಬಿಸಿಲು ಬೀಳುವ ಮಗ್ಗುಲಲ್ಲಿ ದ್ರಾಕ್ಷಿ, ಬೀಳದ ಮಗ್ಗುಲಲ್ಲಿ ನಾವು. ಇತಿಹಾಸ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ತೆರೆದಿರುತ್ತದೆ, ಸೋಮವಾರ ರಜೆ. ನೋಡತಕ್ಕ ಸ್ಥಳಗಳು ಮೂರು: ವೈನಿನ ನೆಲಮಾಳಿಗೆ, ಬಿದ್ದುಹೋದ ಕೋಟೆ ಮತ್ತು ಕತ್ತರಿಯಮ್ಮನ ಹಿತ್ತಿಲ ಬಳ್ಳಿ.

ಕತ್ತರಿಯಮ್ಮ ಐವತ್ತು ವರ್ಷದಿಂದ ಈ ಇಳಿಜಾರುಗಳಲ್ಲಿ ಬಳ್ಳಿ ಸವರುವವಳು. ಚಳಿಗಾಲದಲ್ಲಿ ಕಡ್ಡಿಗೆ ಚಿಗುರೊಡೆಯುವ ಎರಡೇ ಕಣ್ಣು ಉಳಿಸಿ ಮಿಕ್ಕಿದ್ದನ್ನು ಕತ್ತರಿಸುತ್ತಾಳೆ. ಬೇಸಿಗೆಗೆ ಅಲ್ಲೇ ಗೊಂಚಲು. ಬೆಟ್ಟದ ಬಳ್ಳಿಗಳೆಲ್ಲ ಅವಳ ಕೈಯಲ್ಲಿ ಕ್ಷೌರ ಮಾಡಿಸಿಕೊಂಡವೇ. ತನ್ನದು ಅಂತ ಇದ್ದದ್ದು ಹಿತ್ತಿಲಿನ ಅದೊಂದೇ.

ಅವಳ ಅಳಿಯ ಪ್ರವಾಸಿ ಕಚೇರಿಯ ಗೈಡ್. ಅತ್ತೆಯ ಬಳ್ಳಿ ನೂರು ವರ್ಷದ್ದೆಂದ, ಪ್ರವಾಸಿಗರು ಆಕಳಿಸಿದರು. ಇನ್ನೂರೆಂದ, ತಲೆಯಾಡಿಸಿದರು. ನಾನೂರಕ್ಕೆ ಕ್ಯಾಮೆರಾ ಹೊರಬಂತು. ಇತಿಹಾಸ ಅಲ್ಲಿಗೆ ನಿಂತಿತು. ಕಚೇರಿಯವರು ಬೇಲಿ ಹಾಕಿ, ‘ಪಾರಂಪರಿಕ ಬಳ್ಳಿ. ಮುಟ್ಟಬಾರದು’ ಎಂದು ಫಲಕ ನೆಟ್ಟರು. ಮುಟ್ಟಬಾರದವರಲ್ಲಿ ಬಳ್ಳಿ ನೆಟ್ಟವಳೂ ಸೇರಿದಳು.

ಎರಡು ಚಳಿಗಾಲ ಕತ್ತರಿ ಬೀಳದೆ ಬಳ್ಳಿ ಭಗ್ನಪ್ರೇಮಿಯ ಗಡ್ಡದಂತೆ ಹರಡಿಕೊಂಡಿತು. ಬಿಟ್ಟದ್ದು ಬಟಾಣಿಯಷ್ಟು ನಾಲ್ಕು ಕಾಯಿ.

“ಅತ್ತೆ, ಕೈ ಹಾಕಬೇಡಿ. ನಾನೂರು ವರ್ಷದ್ದು. ನನ್ನ ಕೆಲಸ ಹೋಗುತ್ತೆ.”

“ನನ್ನ ಮಗಳು ಹುಟ್ಟಿದ ವರ್ಷ ನಾನೇ ನೆಟ್ಟಿದ್ದು, ಅಳಿಯಂದ್ರೆ. ಇದಕ್ಕೆ ನಾನೂರಾದ್ರೆ ನಿಮ್ಮ ಹೆಂಡ್ತಿಗೆ ಎಷ್ಟು ಅಂತ ಮನೇಲಿ ಕೇಳಿ ನೋಡಿ.”

ಅಳಿಯ ಮನೆಯಲ್ಲಿ ಕೇಳಲಿಲ್ಲ. ಅಷ್ಟು ಇತಿಹಾಸಪ್ರಜ್ಞೆ ಅವನಿಗಿತ್ತು.

ಮೂರನೆಯ ಚಳಿಗಾಲ ಮುಗಿಯುತ್ತ ಬಂತು. ಇನ್ನೊಂದು ವಾರದಲ್ಲಿ ಚಿಗುರೊಡೆದರೆ ಈ ವರ್ಷವೂ ಹೋದಂತೆಯೇ. ಬಳ್ಳಿ ಉಳಿಯುವುದೂ ಅನುಮಾನ. ಒಂದು ಮಧ್ಯಾಹ್ನ ಅಳಿಯ ಇಪ್ಪತ್ತು ಜನರನ್ನು ಕಟ್ಟಿಕೊಂಡು ಬಂದಾಗ ಅತ್ತೆ ಬೇಲಿಯೊಳಗೆ ಏಣಿಯ ಮೇಲಿದ್ದಳು. ಅರ್ಧ ಪರಂಪರೆ ಆಗಲೇ ನೆಲಕ್ಕೆ ಬಿದ್ದಿತ್ತು. ಸಾಲದ್ದಕ್ಕೆ ಗುಂಪಿನ ಹಿಂದೆ ಕಚೇರಿಯ ಮ್ಯಾನೇಜರ್ ಬೇರೆ.

ಅಳಿಯ ಏಣಿಯತ್ತ ಕೈ ಚಾಚಿದ.

“ನಿಮ್ಮ ಅದೃಷ್ಟ ನೋಡಿ. ನಾನೂರು ವರ್ಷದಿಂದ ಈ ಮನೆಯ ಹಿರಿಯ ಹೆಂಗಸೇ ಬಳ್ಳಿ ಸವರೋ ಪದ್ಧತಿ. ಇವತ್ತೇ ಆ ದಿನ.”

ಇಪ್ಪತ್ತೂ ಕ್ಯಾಮೆರಾ ಮೇಲೆದ್ದವು. ಮ್ಯಾನೇಜರ್ ಅವನ ಕಿವಿಗೆ ಬಾಗಿ, “ಇದನ್ನ ಮೊದಲೇ ಯಾಕ್ರೀ ಹೇಳಲಿಲ್ಲ?” ಎಂದರು.

ಏಣಿಯ ಮೇಲಿಂದ ಕತ್ತರಿಯಮ್ಮ ಪ್ರವಾಸಿಗರ ಕಡೆ ತಿರುಗಿದಳು.

“ಕೆಳಗೆ ಬಿದ್ದ ಕಡ್ಡಿ ಬಾಚಿ ಹೊರಗೆ ಹಾಕೋದು ಮನೆ ಅಳಿಯ. ಅದೂ ನಾನೂರು ವರ್ಷದಿಂದ.”

ಅಳಿಯ ಇಸ್ತ್ರಿ ಮಾಡಿದ ಕೋಟಿನಲ್ಲೇ ಬಗ್ಗಿದ.

ಆ ಬೇಸಿಗೆ ಗೊಂಚಲಿನ ಭಾರಕ್ಕೆ ಕಚೇರಿಯ ಬೇಲಿ ವಾಲಿತು. ಫಲಕದಲ್ಲೀಗ ಇನ್ನೊಂದು ಸಾಲಿದೆ: ‘ವರ್ಷಕ್ಕೊಮ್ಮೆ ಅತ್ತೆ ಮುಟ್ಟಬಹುದು.’