ಡ್ರಮ್ಮಕ್ಕನ ಮುಚ್ಚಳಕ್ಕೆ ಸೋತ ಕರಡಿ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಾಡಿಗೆ ಅಂಟಿಕೊಂಡ ಬೀದಿಯ ಕೊನೆಯ ಮನೆ. ಅದರ ಹಿತ್ತಲಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ಅಂಗಿಯ ತೋಳು ಮಡಚಿಕೊಂಡು ಮಂಡಿಯೂರಿದ್ದಾರೆ. ಎದುರಿಗೆ ಮಗುಚಿ ಬಿದ್ದ ಕಬ್ಬಿಣದ ಡ್ರಮ್ಮು. ನಿನ್ನೆ ಸಂಜೆ ಗೋಡೆಯ ಪಕ್ಕ ಇದ್ದದ್ದು ಈಗ ಬೇಲಿಯ ಬುಡದಲ್ಲಿದೆ, ಮೈತುಂಬ ಉಗುರಿನ ಗೀರು. ಅದರೊಳಗಿರುವುದು ಈ ಮನೆಯ ನಾಯಿಯ ತಿಂಗಳ ತಿಂಡಿ. ಆಚೆ ತಿರುವಿನಲ್ಲಿ ಬೋನು ಹೇರಿಕೊಂಡ ಲಾರಿ ಕಾಯುತ್ತಿದೆ. ಕರಡಿ ಇನ್ನೊಂದು ಸಲ ಇಲ್ಲಿ ಹೊಟ್ಟೆ ತುಂಬಿಸಿಕೊಂಡರೆ ಹಿಡಿದು ಸಾಗಿಸುವುದೇ ಸೈ ಎಂದು ಅರಣ್ಯ ಕಾವಲುಗಾರ ಮೊದಲೇ ಹೇಳಿಬಿಟ್ಟಿದ್ದಾರೆ.

ಆಕೆ ಮುಚ್ಚಳದ ಸುತ್ತ ಬೆರಳಾಡಿಸುತ್ತಾರೆ. ನೆಲ ಸವರುತ್ತಾರೆ. ಆಮೇಲೆ ಒಮ್ಮೆಗೇ ತಲೆಯೆತ್ತಿ ಕೂಗುತ್ತಾರೆ, "ಒಂದು ಕಾಳೂ ಹೊರಗೆ ಬಿದ್ದಿಲ್ಲ ಕಣ್ರೋ!"

ಬೇಲಿಯಾಚೆ ನೆರೆದಿದ್ದ ಬೀದಿಯೇ ಚಪ್ಪಾಳೆ ಹೊಡೆಯುತ್ತದೆ. ವರದಿ ಬರೆಯಲು ಬಂದ ನಾನೂ ಪೆನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊಡೆಯುತ್ತೇನೆ.

ಇವರು ಡ್ರಮ್ಮಕ್ಕ. ಗುಜರಿಯ ಡ್ರಮ್ಮು ತಂದು, ತೊಳೆದು, ಬೆಸುಗೆ ಹಾಕಿ, ಗಟ್ಟಿ ಮುಚ್ಚಳ ಕೂರಿಸಿ ಕೊಡುವುದು ಇವರ ಕಸುಬು. ಈ ಬೀದಿಯ ಮನೆಗಳು ಬೆಂಕಿಪೊಟ್ಟಣದಷ್ಟು. ಮಂಚ ಹಾಕಿದರೆ ಮೇಜಿಗೆ ಜಾಗವಿಲ್ಲ. ಹೀಗಾಗಿ ನಾಯಿ-ಬೆಕ್ಕಿನ ತಿಂಡಿಯ ಮೂಟೆಗೆ ಹಿತ್ತಲೇ ಗತಿ. ಅದರ ವಾಸನೆಗೆ ಹೆಗ್ಗಣ ಬಂತು, ಹಂದಿ ಬಂತು, ಕೊನೆಗೆ ಮರಿ ಕಟ್ಟಿಕೊಂಡ ತಾಯಿ ಕರಡಿಯೂ ಬಂತು.

ಮೊದಲು ಬೆಸುಗೆ ಹಾಕುತ್ತಿದ್ದವರು ಇವರ ಯಜಮಾನರು. ಆ ಬೆಳಕು ನೋಡಿ ನೋಡಿಯೇ ಅವರ ಕಣ್ಣು ಹೋಯಿತು. ಹೆಂಡತಿ ಕೆಲಸ ಕಲಿತು ನಿಂತಾಗ ಬಂದ ಗಿರಾಕಿಗಳು ಒಳಗೆ ಇಣುಕಿ, ಮುಖ ಸಣ್ಣ ಮಾಡಿಕೊಂಡು ವಾಪಸ್ಸಾಗುತ್ತಿದ್ದರಂತೆ. "ಯಜಮಾನ್ರಿಲ್ವಾ ಅಂತ ಕೇಳೋರು. ಇದ್ದಾರೆ, ಕೂತಿದ್ದಾರೆ, ಕೆಲಸ ಮಾಡೋದು ನಾನು ಅಂತಿದ್ದೆ. ಒಂದೊಂದು ದಿನ ಒಲೆ ಹಚ್ಚೋಕೂ ಮನಸ್ಸು ಬರ್ತಿರ್ಲಿಲ್ಲ." ಈಗ ಬೆಳಗಿನಿಂದ ಸಂಜೆವರೆಗೆ ದುಡಿದರೆ ಮೂರು ಡ್ರಮ್ಮು ಮುಗಿಯುತ್ತವೆ.

ಯಜಮಾನರು ಬರೀ ಕೂತಿಲ್ಲ. ಮುಚ್ಚಳ ಬಿಗಿಯಾಗಿದೆಯೋ ಇಲ್ಲವೋ ಎಂದು ತೀರ್ಪು ಕೊಡುವುದು ಅವರ ಕಿವಿ. ಮುಚ್ಚಳ ಒತ್ತಿದಾಗ ಠಕ್ ಎಂದರೆ ಪಾಸು. ಫುಸ್ ಎಂದರೆ ಗಾಳಿ ಹೋಗುತ್ತಿದೆ. ಗಾಳಿ ಹೋದಲ್ಲಿ ವಾಸನೆಯೂ ಹೋಗುತ್ತದೆ. "ಇದು ಇನ್ನೂ ನಿಟ್ಟುಸಿರು ಬಿಡ್ತಿದೆ ಕಣೇ" ಎನ್ನುತ್ತಾರೆ ಅವರು. "ನಿಮ್ಮನ್ನ ಕಟ್ಕೊಂಡ ಮೇಲೆ ಬಿಡದೆ ಇನ್ನೇನ್ ಮಾಡುತ್ತೆ ರೀ" ಎಂದು ಗೊಣಗಿ ಇವರು ಮುಚ್ಚಳದೊಳಗಿನ ರಬ್ಬರ್ ಬಳೆ ಬದಲಿಸುತ್ತಾರೆ.

ಇಷ್ಟಾದರೂ ಒಮ್ಮೆ ಎಡವಟ್ಟಾಯಿತು. ಈ ಕೊನೆಯ ಮನೆಯ ಅಜ್ಜಿ ಕೈನೋವಿನವರು. ಮುಚ್ಚಳ ಭದ್ರಪಡಿಸುವ ಕೊಂಡಿ ಬಿಗಿಯಾಯಿತು ಎಂದು ದೂರಿದ್ದಕ್ಕೆ ಡ್ರಮ್ಮಕ್ಕ ಅಲ್ಲೇ ಅಡುಗೆಮನೆಯಲ್ಲಿದ್ದ ಕರಿದ ಎಣ್ಣೆ ಸವರಿ ಬಂದರು. ಕರಡಿ ಆ ಎಣ್ಣೆ ನೆಕ್ಕಿತು. ನೆಕ್ಕುತ್ತಾ ನೆಕ್ಕುತ್ತಾ ಕೊಂಡಿ ಜಾರಿತು, ಮುಚ್ಚಳ ಹಾರಿತು.

"ಕರಡಿಗೆ ನಾನೇ ಬೆಣ್ಣೆ ಹಚ್ಚಿ ಕರೆದಂಗಾಯ್ತು," ಎಂದು ನಗಲು ನೋಡುತ್ತಾರೆ, ನಗು ಬರುವುದಿಲ್ಲ. "ಅವತ್ತಿಂದ ಅದು ಎಲ್ಲಾರ ಹಿತ್ತಲಿಗೂ ನುಗ್ಗೋಕೆ ಶುರು ಮಾಡ್ತು. ಬೋನು ತರ್ತಾರೆ ಅಂದಾಗ ನನಗೆ ಅನ್ನ ಸೇರ್ಲಿಲ್ಲ. ತಪ್ಪು ನಂದು, ಶಿಕ್ಷೆ ಅದಕ್ಕೆ. ಮರಿ ಬೇರೆ ಇದೆ."

ಕಾವಲುಗಾರರನ್ನು ಕಾಡಿ ಬೇಡಿ ಸ್ವಲ್ಪ ಸಮಯ ಪಡೆದರು. ಕೊಂಡಿಯನ್ನು ಹೊರಗಿಡುವುದನ್ನೇ ಬಿಟ್ಟರು. ಮುಚ್ಚಳದ ಪಕ್ಕ ಸಣ್ಣ ಕೊಳವೆ, ಅದರೊಳಗೆ ಕೊಂಡಿ. ಮನುಷ್ಯರ ಬೆರಳು ಹೋಗುತ್ತದೆ, ಕರಡಿಯ ಪಂಜ ಹೋಗುವುದಿಲ್ಲ. ಅಜ್ಜಿ ಒಂದೇ ಬೆರಳಲ್ಲಿ ತೆಗೆಯುತ್ತಾರೆ, ಎಣ್ಣೆ ಬೇಡವೇ ಬೇಡ. ಬೀದಿಯ ಅಷ್ಟೂ ಡ್ರಮ್ಮುಗಳ ಕೊಂಡಿ ಬದಲಾಯಿಸಿ ಮುಗಿದದ್ದು ನಿನ್ನೆ. ಕರಡಿ ಬಂದದ್ದೂ ನಿನ್ನೆ ರಾತ್ರಿಯೇ. ಮನೆಮನೆಯ ಹಿತ್ತಲಲ್ಲೂ ಡ್ರಮ್ಮು ಉರುಳಿಸಿದೆ, ಎಲ್ಲೂ ಏನೂ ದಕ್ಕಿಲ್ಲ.

ಕಾವಲುಗಾರ ಬೇಲಿ ದಾಟಿ ಬಂದು ಮುಚ್ಚಳವನ್ನು ಎರಡೂ ಕೈಯಲ್ಲಿ ಎಳೆದು ನೋಡುತ್ತಾರೆ. ಅಲ್ಲಾಡುವುದಿಲ್ಲ. "ಗೆದ್ರಿ ಅಕ್ಕ. ಬೋನು ವಾಪಸ್ ತಗೊಂಡು ಹೋಗ್ತೀನಿ. ಪಕ್ಕದ ಊರಿಂದಾನೂ ನಿಮ್ಮ ಡ್ರಮ್ಮು ಕೇಳ್ತಿದಾರೆ" ಎನ್ನುತ್ತಾರೆ. ಖಾಲಿ ಬೋನು ಗಡಗಡ ಸದ್ದು ಮಾಡುತ್ತಾ ಲಾರಿಯ ಮೇಲೆ ಹೊರಟುಹೋಗುತ್ತದೆ. ಸದ್ದು ಅಡಗುವವರೆಗೂ ಡ್ರಮ್ಮಕ್ಕ ಕದಲುವುದಿಲ್ಲ. ಕಣ್ಣು ಒರೆಸಿಕೊಳ್ಳುವುದನ್ನು ಮುಚ್ಚಿಡುವುದೂ ಇಲ್ಲ.

ಬೇಲಿಯಾಚೆಯ ಹಸಿಮಣ್ಣಿನಲ್ಲಿ ದೊಡ್ಡ ಹೆಜ್ಜೆಗಳ ಪಕ್ಕ ಪುಟ್ಟ ಹೆಜ್ಜೆಗಳು ಕಾಡಿನತ್ತ ಹೋಗಿವೆ. ಅವನ್ನು ನೋಡಿ, "ಪಾಪ, ಬರಿಹೊಟ್ಟೆಯಲ್ಲಿ ಹೋಯಿತಲ್ಲ" ಎಂದು ಕೆಣಕುತ್ತೇನೆ.

"ರಾತ್ರಿಯೆಲ್ಲಾ ಉರುಳಾಡ್ಸಿದೆ, ಏನೂ ಸಿಕ್ಕಿಲ್ಲ. ನನ್ನನ್ನ ಬೈಕೊಂಡೇ ಹೋಗಿರುತ್ತೆ," ಎಂದು ಡ್ರಮ್ಮಕ್ಕ ಈಗ ಮನಸಾರೆ ನಗುತ್ತಾರೆ. "ಬೈಕೊಳ್ಳಲಿ ಬಿಡಿ. ಮರಿ ಪಕ್ಕದಲ್ಲಿ ಕೂತ್ಕೊಂಡು, ಕಾಡಲ್ಲೇ ಬೈಕೊಳ್ಳಲಿ."