ತಾಯಿಯ ಕಡೆಯಿಂದ ಬಂದದ್ದು

ಮಲ್ಲೇಶ್ವರಂ ಎಂಟನೇ ಕ್ರಾಸ್‌ನಲ್ಲಿ ತರಕಾರಿ ಕೊಂಡು ಬರುತ್ತಿದ್ದಾಗ ನನ್ನ ಗಂಡ ಚೀಲವನ್ನು ನನ್ನ ಕೈಗೆ ಕೊಟ್ಟರು. ಆಗಲೇ ಅನುಮಾನ ಬರಬೇಕಿತ್ತು. ನನಗೆ ಕೊತ್ತಂಬರಿ ಕಟ್ಟನ್ನೂ ಹೊರಲು ಬಿಡದ ಮನುಷ್ಯ. ಸುಸ್ತು ಎಂದು ಯಾರದೋ ಮನೆಯ ಗೇಟು ಹಿಡಿದು ನಿಂತರು. ಉಸಿರು ಸಿಗುತ್ತಿರಲಿಲ್ಲ.

ಇವರು ನನ್ನ ಸೋದರಮಾವ, ನನ್ನ ಅಮ್ಮನ ಒಬ್ಬನೇ ತಮ್ಮ. ಮದುವೆಯಾಗಿ ಇಷ್ಟು ವರ್ಷವಾದರೂ ನಾನು ಕರೆಯುವುದು ಮಾವ ಎಂದೇ. ಎತ್ತಿ ಆಡಿಸಿದವರ ಜೊತೆ ಸಂಸಾರ ಮಾಡುವ ಲಾಭವೆಂದರೆ ಅವರ ಕೋಪಕ್ಕೆ ಹೆದರಬೇಕಿಲ್ಲ.

ಆಂಜಿಯೋಗ್ರಾಂನಲ್ಲಿ ಒಂದು ಬ್ಲಾಕೂ ಇರಲಿಲ್ಲ. ಎಕೋದಲ್ಲಿ ಮಾತ್ರ ಹೃದಯದ ಗೋಡೆ ದಪ್ಪವಾಗಿದೆ, ಪಂಪ್ ಮಾಡುವ ಶಕ್ತಿ ಕುಗ್ಗಿದೆ ಎಂದರು. ಸಿಗರೇಟಿಲ್ಲ, ಕುಡಿತವಿಲ್ಲ, ಬಿಪಿಯೂ ಇಲ್ಲ. ಡಾಕ್ಟರು ಶುಗರ್ ಯಾವಾಗಿನಿಂದ, ಕಿವಿ ಯಾವಾಗಿನಿಂದ ಮಂದ ಎಂದು ಕೇಳಿದರು. ಕಿವಿಗೂ ಹೃದಯಕ್ಕೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ. ಇವರ ತಾಯಿಗೂ ಎರಡೂ ಇತ್ತು ಎಂದೆ. ಇವರ ತಂದೆ ತಾಯಿ ಸಂಬಂಧದಲ್ಲಿ ಮದುವೆಯಾದವರೇ ಎಂದು ಡಾಕ್ಟರು ಕೇಳಿದರು. ಅಲ್ಲ ಎಂದೆವು. ಅದು ನಿಜ. ನಮ್ಮಿಬ್ಬರ ಬಗ್ಗೆ ಅವರು ಕೇಳಲಿಲ್ಲ, ನಾವೂ ಹೇಳಲಿಲ್ಲ.

ರಕ್ತದ ಜೆನೆಟಿಕ್ ಟೆಸ್ಟಿನ ರಿಪೋರ್ಟ್ ಬಂತು. ಮೈಟೋಕಾಂಡ್ರಿಯದ ಡಿಎನ್‌ಎಯಲ್ಲಿ ಮ್ಯುಟೇಶನ್.

ಜೀವಕೋಶಕ್ಕೆ ಶಕ್ತಿ ಒದಗಿಸುವ ಭಾಗವಂತೆ. ಅದರ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದಂತೆ. ಅಲ್ಲಿ ತಪ್ಪಿದ್ದರೆ ಬಿಡುವಿಲ್ಲದೆ ದುಡಿಯುವ ಹೃದಯ ಸೋಲಬಹುದಂತೆ, ಶುಗರ್ ಬರುವುದೂ ಕಿವಿ ಮಂದವಾಗುವುದೂ ಅದರಿಂದಲೇ ಇರಬಹುದಂತೆ. ಇಷ್ಟು ಅಂತೆಗಳ ನಡುವೆ ನನಗೆ ಬೇಕಿದ್ದ ಉತ್ತರ ಒಂದೇ. ನಮ್ಮ ಮಗಳು ಮೈತ್ರಿಗೂ ಇದು ಬರುತ್ತದೆಯೇ?

"ತಂದೆಯಿಂದ ಮಕ್ಕಳಿಗೆ ಹೋಗಲ್ಲ ಮೇಡಂ. ಆದ್ರೆ ಇವರ ಅಕ್ಕ ತಂಗಿ ಇದ್ರೆ ಅವರು, ಅವರ ಮಕ್ಕಳು ಚೆಕ್ ಮಾಡಿಸ್ಬೇಕು."

ಅಲ್ಲೇ ಅತ್ತುಬಿಟ್ಟೆ, ಸಂತೋಷಕ್ಕೆ. ಆಟೋದಲ್ಲೇ ಅಮ್ಮನಿಗೆ ಫೋನ್ ಮಾಡಿ, ನೀನೂ ನನ್ನ ತಮ್ಮನೂ ಟೆಸ್ಟ್ ಮಾಡಿಸಿಕೊಳ್ಳಿ ಎಂದೆ. ತಮ್ಮನನ್ನು ನೆನೆದು ಅಯ್ಯೋ ಪಾಪ ಎನಿಸಿತು. ಮನೆಗೆ ಬಂದು ಮೈತ್ರಿಗೆ ಎಲ್ಲ ಹೇಳಿದೆ. ಅವಳು ಕಾಫಿ ಲೋಟ ಕೆಳಗಿಟ್ಟಳು.

"ಅಪ್ಪನ ಅಕ್ಕನ ಮಗಳು ನೀನೇ ಅಲ್ವೇನಮ್ಮ?"

ಮದುವೆಯಾದ ಮೇಲೆ ನಾನು ಇವರ ಹೆಂಡತಿ, ಮೈತ್ರಿಯ ಅಮ್ಮ. ಅಕ್ಕನ ಮಕ್ಕಳು ಎಂದಾಗ ತಮ್ಮನೊಬ್ಬನೇ ಲೆಕ್ಕಕ್ಕೆ ಬಂದಿದ್ದ. ನನ್ನ ಹೆಸರು ನನಗೇ ಹೊಳೆದಿರಲಿಲ್ಲ, ಇವರಿಗೂ ಹೊಳೆದಿರಲಿಲ್ಲ. ಅಲ್ಲಿಯವರೆಗೆ ತಮ್ಮಿಂದ ಮಗಳಿಗೂ ಬಂದಿರಬಹುದೆಂದು ಅವಳ ಮುಖ ನೋಡಲಾಗದೆ ಕೂರುತ್ತಿದ್ದವರು ಇವರು. ಈಗ ಆ ಸರದಿ ನನ್ನದಾಯಿತು.

ನನ್ನಲ್ಲೂ ಇದೆ. ಮೈತ್ರಿಯಲ್ಲೂ ಇದೆ.

ಇಬ್ಬರ ಎಕೋ ಸದ್ಯಕ್ಕೆ ಸರಿಯಾಗಿದೆ. ಮುಂದೆ? ಈ ತಪ್ಪು ರಕ್ತದಲ್ಲಿ ಇರುವಷ್ಟೇ ಹೃದಯದಲ್ಲೂ ಇರುತ್ತದೆ ಎಂದೇನಿಲ್ಲವಂತೆ. ಕೆಲವರಿಗೆ ಏನೂ ಆಗದೆಯೂ ಇರಬಹುದಂತೆ. ಡಾಕ್ಟರೇ ಈಗಲೇ ಹೇಳಲಾಗದು ಎಂದರೆ ನಾನು ಏನು ಅರ್ಥ ಮಾಡಿಕೊಳ್ಳಲಿ? ಮೊದಲು ತೀರಿಹೋದ ಅಜ್ಜಿಯ, ಅಂದರೆ ಇವರ ತಾಯಿಯ, ಮೇಲೆ ಸಿಟ್ಟು ಬಂತು. ಮನೆಯಲ್ಲೇ ಹುಡುಗಿ ಇರುವಾಗ ಹೊರಗೆ ಯಾಕೆ ಹುಡುಕಬೇಕು ಎಂದು ಹಟ ಹಿಡಿದು ನಮ್ಮ ಮದುವೆ ಮಾಡಿಸಿದವಳು ಅವಳು. ಆಮೇಲೆ ಯೋಚಿಸಿದರೆ, ನಾನು ಯಾರನ್ನು ಮದುವೆಯಾಗಿದ್ದರೂ ನನ್ನ ಮಗಳಿಗೆ ಇದು ನನ್ನಿಂದಲೇ ಬರುತ್ತಿತ್ತು. ಬೇರೆಯವರನ್ನು ಆಗಿದ್ದರೆ ಇಷ್ಟು ಬೇಗ ತಿಳಿಯುತ್ತಲೂ ಇರಲಿಲ್ಲ. ಇದನ್ನು ಅದೃಷ್ಟ ಎನ್ನಬೇಕೋ ಬೇಡವೋ ನನಗೆ ಇನ್ನೂ ಗೊತ್ತಾಗಿಲ್ಲ. ಮಾತ್ರೆಗಳಿಂದ ಇವರ ಉಸಿರು ಸ್ವಲ್ಪ ಸುಧಾರಿಸಿದೆ. ಸದ್ಯ ಅಷ್ಟಕ್ಕೇ ದೇವರಿಗೆ ಕೈ ಮುಗಿಯುತ್ತೇನೆ.

ಹೋದ ವಾರ ಮೂವರೂ ಒಟ್ಟಿಗೆ ಚೆಕಪ್‌ಗೆ ಹೋದೆವು. ಕೌಂಟರಿನಲ್ಲಿದ್ದವಳು ಪೇಷಂಟ್ ಯಾರು ಎಂದು ಕೇಳಿದಳು. ಇವರು ನನ್ನನ್ನು ನೋಡಿದರು. ನಾನು ಮಗಳನ್ನು ನೋಡಿದೆ.

"ಮೂರು ಜನಾನೂ," ಎಂದಳು ಮೈತ್ರಿ. "ಅಪ್ಪನ್ನ ಮೊದಲು ಕರೀರಿ, ಅವರಿಗೆ ತುಂಬ ಹೊತ್ತು ನಿಲ್ಲಕ್ಕಾಗಲ್ಲ."